ನಾಜಲ್ ಊದಿದ ಬಾಯಿ

ನಿನ್ನೆ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಕುಳಿತಿದ್ದೆ. ದಾರದ ತುದಿಯನ್ನು ಎಂಜಲು ಮಾಡಲೆಂದು ಬಾಯಿಗೆ ಒಯ್ಯುವಷ್ಟರಲ್ಲಿ ಎಣ್ಣಿಯ ವಾಸನೆ ಬಂತು, ಕೈ ತುಟಿಯ ಹತ್ತಿರವೇ ನಿಂತುಬಿಟ್ಟಿತು. ನಮ್ಮ ಸಿಂಧನೂರು ಕಡೆ ಎಣ್ಣಿ ಎಂದರೆ ಒಗ್ಗರಣೆಗೆ ಹಾಕುವುದೂ ಹೌದು, ಭತ್ತದ ಹುಳಕ್ಕೆ ಹೊಡೆಯುವುದೂ ಹೌದು. ಮಾತಿನಲ್ಲಿ ಎರಡೂ ಒಂದೇ. ಮೂಗು ಮಾತ್ರ ಎಂದೂ ತಪ್ಪು ತಿಳಿಯುವುದಿಲ್ಲ. ನೀವು ಈ ಕಡೆಯವರಾದರೆ ನಾನು ಹೇಳುವ ವಾಸನೆ ಯಾವುದೆಂದು ನಿಮಗೆ ಆಗಲೇ ಗೊತ್ತಾಗಿರುತ್ತದೆ.

ನನ್ನದು ಅರ್ಧ ಅಂಗಡಿ. ನಡುವೆ ಎದೆಯೆತ್ತರದ ಹಲಗೆ. ಈಚೆ ನಾನು ರವಿಕೆ ಹೊಲಿಯುತ್ತೇನೆ, ಆಚೆ ನಿರ್ಮಲ್ ಪೆಟ್ರೋಲಿನ ಸಣ್ಣ ಮಷಿನುಗಳನ್ನು ರಿಪೇರಿ ಮಾಡುತ್ತಾನೆ. ಬೆನ್ನಿಗೆ ಹೊತ್ತು ಎಣ್ಣಿ ಹೊಡೆಯುವ ಪಂಪು, ಬದುವಿನ ಹುಲ್ಲು ಕತ್ತರಿಸುವ ಯಂತ್ರ, ಇಂಥವು. ಅವನು ಆರ್.ಎಚ್. ಕ್ಯಾಂಪಿನ, ಅಂದರೆ ಗಡಿಯಾಚೆಯಿಂದ ಬಂದ ನಿರಾಶ್ರಿತರಿಗೆ ಕೊಟ್ಟ ಊರಿನ, ಬಂಗಾಲಿ. ಅಲ್ಲಿಯೇ ಹುಟ್ಟಿದವನು, ಬೈಯುವುದಕ್ಕೆ ಕನ್ನಡ, ಲೆಕ್ಕಕ್ಕೆ ತೆಲುಗು, ಹೆಂಡತಿಯೊಂದಿಗೆ ಮಾತ್ರ ಬಂಗಾಲಿ. ಅವನ ಮಷಿನು ಸದ್ದು ಮಾಡಿದಾಗ ನನ್ನ ಗಿರಾಕಿಗಳ ಅಳತೆ ನನಗೆ ಕೇಳುವುದಿಲ್ಲ. ನಾನು ಹೊಲಿದ ರವಿಕೆ ಬಿಗಿಯಾದರೆ ಇವತ್ತಿಗೂ ತಪ್ಪನ್ನು ಅವನ ಮೇಲೆ ಹಾಕುತ್ತೇನೆ. ಅವನೂ ಒಪ್ಪಿಕೊಳ್ಳುತ್ತಾನೆ.

ಲಿಂಗಸುಗೂರಿನ ಒಂದು ಕಚೇರಿಯಿಂದ ಪ್ರತಿ ವರ್ಷ ತಳ್ಳಿಕೊಂಡು ಹೋಗುವ ದೊಡ್ಡ ಹುಲ್ಲಿನ ಮಷಿನೊಂದು ಬರುತ್ತದೆ. ಆ ಕಚೇರಿಯ ಮುಂದೆ ಹುಲ್ಲೇ ಇಲ್ಲ, ಒಣಗಿ ಹೋಗಿ ಎಷ್ಟೋ ಕಾಲವಾಗಿದೆ. ಆದರೂ ಮಷಿನು ಕೆಡುತ್ತದೆ. ನಿಂತಲ್ಲೇ ಟಾಕಿಯಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಒಳಗಿನ ಸಣ್ಣ ತೂತು ಮುಚ್ಚಿಕೊಂಡಿರುತ್ತದೆ. ನಿರ್ಮಲ್ ಮೊದಲು ಪ್ಲಗ್ ಬಿಚ್ಚಿ ಮೂಸುತ್ತಾನೆ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಕಿಡಿ ಇರಬಹುದು, ಪೆಟ್ರೋಲು ಬರುತ್ತಿಲ್ಲ. ಇಷ್ಟು ವರ್ಷ ಹಲಗೆಯಾಚೆ ನೋಡಿ ನೋಡಿ ನನಗೂ ಇಷ್ಟು ಬರುತ್ತದೆ. ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು ಮಾತ್ರ ಬರುವುದಿಲ್ಲ.

ಇನ್ನು, ಆ ವಾಸನೆಗೆ ನನ್ನ ಕೈ ಹೀಗೆ ನಿಲ್ಲಲು ಕಾರಣವಾದ ಹೋದ ವರ್ಷದ ಆ ದಿನದ್ದು. ಕಂಡಿದ್ದನ್ನಷ್ಟೇ ಹೇಳುತ್ತೇನೆ.

ಗೊರೇಬಾಳದ ಬಸಣ್ಣ ಪಂಪು ತಂದಿದ್ದ. ಟಾಕಿಯಲ್ಲಿ ಎಣ್ಣಿ ಇನ್ನೂ ಉಳಿದಿತ್ತು, ಅಲುಗಾಡಿಸಿದಾಗ ನನಗೆ ಕೇಳಿಸಿತು. ಎಣ್ಣಿ ಸಿಡಿಯುವ ತುದಿ, ನಾಜಲ್, ಕಟ್ಟಿಕೊಂಡಿತ್ತು. "ಜಲ್ದಿ ಮಾಡಪಾ, ಆಳು ಹೊಲದಾಗ ಕುಂತಾರ" ಎಂದ ಬಸಣ್ಣ. ನಿರ್ಮಲ್ ನಾಜಲ್ಲನ್ನು ಬಾಯಿಗಿಟ್ಟು ಊದಿದ. ನಮ್ಮ ಕಡೆ ಎಲ್ಲರೂ ಹೀಗೆಯೇ ಮಾಡುವುದು. ಕಟ್ಟಿದ್ದು ಬಿಡಲಿಲ್ಲ. ಕೊಳವೆಯ ಕಡೆಯಿಂದ ಬಾಯಲ್ಲೇ ಜಗ್ಗಿದ, ಅಂದರೆ ಹೀರಿದ. ಬಾಯಿ ತುಂಬ ಬಂತು. ಉಗುಳಿದ, ನಕ್ಕ, ಮುಂದಿದ್ದ ಚಹಾದಿಂದ ಮುಕ್ಕಳಿಸಿದ. ಮುಕ್ಕಳಿಸಿದ್ದನ್ನು ಉಗುಳಲಿಲ್ಲ, ನುಂಗಿದ. ಬಸಣ್ಣ ಪಂಪು ಹೊತ್ತು ಹೋದ.

ನಾನೊಂದು ತೋಳು ಕೂಡಿಸಿ ತಲೆಯೆತ್ತಿದಾಗ ನಿರ್ಮಲನ ಗದ್ದದ ಮೇಲೆ ಜೊಲ್ಲು ಇಳಿಯುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ಅಂಗಿ ಬೆವರಿಗೆ ಮೈಗಂಟಿತ್ತು. "ಅಕ್ಕಾರ, ಕಣ್ಣು ಮಬ್ಬು ಆಗ್ಯಾವ" ಎಂದ. ಹತ್ತಿರ ಹೋಗಿ ನೋಡಿದೆ, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಆಮೇಲೆ ಅವನ ಕಾಲು ಅದುರತೊಡಗಿತು. ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು.

ದವಾಖಾನಿಯಲ್ಲಿ ಕೇಳಿದ ಮೊದಲ ಮಾತು, "ಎಷ್ಟು ಕುಡದಾನ?"

"ಕುಡದಿಲ್ರೀ. ನಾಜಲ್ ಊದ್ಯಾನ, ಜಗ್ಗ್ಯಾನ."

ಸೂಜಿ ಚುಚ್ಚುವಾಕೆ ನನ್ನ ಮುಖ ನೋಡಿದಳು. ಸಾಯಲೆಂದು ಎಣ್ಣಿ ಕುಡಿದವರ ಮನೆಯವರಿಂದ ಇಂಥ ಸುಳ್ಳನ್ನು ಆಕೆ ದಿನಾ ಕೇಳುತ್ತಿದ್ದಿರಬೇಕು. ಆಕೆಯನ್ನು ನಾನು ದೂರುವುದಿಲ್ಲ, ಕೈ ನಿಲ್ಲಿಸದೆ ಅವನನ್ನು ಉಳಿಸಿದವರಲ್ಲಿ ಆಕೆಯೂ ಒಬ್ಬಳು. ಆದರೆ ಅಷ್ಟರಲ್ಲಿ ಕ್ಯಾಂಪಿನಿಂದ ಓಡಿಬಂದ ಅವನ ಹೆಂಡತಿ ಶೆಫಾಲಿಯನ್ನು ಪಕ್ಕದ ಮಂಚದ ಮುದುಕಿ ಕೇಳಿದಳು: "ಗಂಡಗ ಅಂಥಾದ್ದೇನ್ ಅಂದಿದ್ದೆ ಬೇ, ಎಣ್ಣಿ ಕುಡಿಯಂಗ?" ಶೆಫಾಲಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಿರ್ಮಲ್ ಎದ್ದು ಮನೆಗೆ ಹೋದ ಮೇಲೂ ಆ ಸೆರಗು ಇಳಿಯಲಿಲ್ಲ. ಅಂಗಡಿಗಳಲ್ಲಿ, ಬಸ್ಸಿನಲ್ಲಿ, ಅವಳ ಬೆನ್ನ ಹಿಂದೆ ಅದೇ ಪ್ರಶ್ನೆ.

ಚಹಾದಂಗಡಿಯಲ್ಲಿ ಬಸಣ್ಣನನ್ನು ಹಿಡಿದೆ. ನಿರ್ಮಲ್ ಎಣ್ಣಿ ಕುಡಿದನೆಂದೇ ಅವನೂ ಹೇಳುತ್ತಿದ್ದ.

"ನಿನ್ನ ಮುಂದ ಊದ್ಯಾನಲ್ಲಪಾ. ನೀ ಕಂಡಿಯಿಲ್ಲೋ?"

"ಕಂಡೀನಿ. ಊದಿದ್ರ ಏನಾಕ್ಕೈತಿ ಬಿಡಕ್ಕಾ, ನಾ ದಿನಾ ಊದತೀನಿ. ನನಗೇನ್ ಆಗೈತಿ? ಮನ್ಯಾಗಿಂದ ಕುಡದು ಬಂದಿರಬೇಕು."

ಬೆಂಚಿನ ಮೇಲಿದ್ದವರೆಲ್ಲ ತಲೆಯಾಡಿಸಿದರು. ಆಗ ನನಗೆ ತಿಳಿಯಿತು. ಅವರಿಗೆ ನಿರ್ಮಲನ ಮೇಲೆ ದ್ವೇಷವಿರಲಿಲ್ಲ. ಕುಡಿದ ಎಂದರೆ ಅದು ಅವನೊಬ್ಬನ ಮನೆಯ ವಿಷಯ. ಊದಿದ ಎಂದರೆ ಬೆಂಚಿನ ಮೇಲಿದ್ದ ಪ್ರತಿಯೊಂದು ಬಾಯಿಗೂ ಅದು ಬರುತ್ತದೆ. ತಮ್ಮ ಭಯವನ್ನು ದೂರ ಇಡಲಿಕ್ಕೆ ಒಬ್ಬ ಹೆಂಗಸಿನ ಹೆಸರು ಸಾಕಾಗಿತ್ತು ಅವರಿಗೆ. ನನಗೆ ಸಾಕಾಗಲಿಲ್ಲ. ಅಂದಿನಿಂದ ಅಳತೆ ಕೊಡಲು ಬಂದವರಿಗೆ, ಬಟನ್ ಮಾರುವವನಿಗೆ, ಕೇಳಿದವರಿಗೆ, ಕೇಳದವರಿಗೆ, ಊದಿದ, ಜಗ್ಗಿದ, ಚಹಾ ನುಂಗಿದ ಎಂದು ಅದೇ ಸಾಲಿನಲ್ಲಿ ಹೇಳುತ್ತ ಬಂದೆ. ಬೀಗರೊಬ್ಬರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ. ದಾಟಲಿ.

ನಿರ್ಮಲ್ ವಾದ ಮಾಡಲಿಲ್ಲ. ಮತ್ತೆ ಅಂಗಡಿ ತೆರೆದ ದಿನ ಬಂದ ಮೊದಲ ಪಂಪನ್ನು ಮುಟ್ಟದೆ ಮೂಸಿದ.

"ಹೊಲದಾಗ ಟಾಕಿ ತೊಳಕೊಂಡು, ಬರೇ ನೀರು ಹೊಡದು, ಒಣಗಿಸಿ ತಗೊಂಬಾ."

"ಏನಲೇ, ಇದನ್ನೇನ್ ಮದುವಿಗೆ ಕರಕೊಂಡು ಹೊಂಟೀನೇನ್, ಮೈ ತೊಳಸಾಕ?" ಎಂದ ಪಂಪು ತಂದವನು.

"ಮೈ ತೊಳಸಿ ತಾ, ಮದುವಿನೂ ನಾನ ಮಾಡ್ತೀನಿ. ಹಂಗ ತಂದ್ರ ಮುಟ್ಟಂಗಿಲ್ಲ."

ಆ ಹಂಗಾಮಿನಲ್ಲಿ ಗಿರಾಕಿಗಳು ಎದುರಿನ ದುಕಾನಿಗೆ ಹೋದರು. ಹೋಗುವಾಗ ಅನ್ನಬೇಕಾದ್ದನ್ನೆಲ್ಲ ಅಂದರು. ಅವನು ಖಾಲಿ ಕುಳಿತು, ತೊಳೆದು ತಂದವರ ನಾಜಲ್ಲನ್ನು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತಿಕ್ಕುತ್ತಿದ್ದ. ಒಬ್ಬೊಬ್ಬರಾಗಿ ಕೆಲವರು ತಿರುಗಿ ಬಂದರು. ಎಲ್ಲರೂ ಅಲ್ಲ. ಈ ವರ್ಷದಿಂದ ಶೆಫಾಲಿಯೂ ಅಂಗಡಿಗೆ ಬರುತ್ತಾಳೆ. ಸಾಮಾನು ತೆಗೆದುಕೊಡುತ್ತಾಳೆ, ರೇಟು ಹೇಳುತ್ತಾಳೆ. ಆ ವಿಷಯ ಬಂದರೆ ಮಾತ್ರ ಸೆರಗು ಜಗ್ಗಿಕೊಂಡು ಒಳಗೆ ಹೋಗುತ್ತಿದ್ದಳು. ಅವಳ ಪರವಾಗಿ ಹೇಳುವುದು ನನ್ನ ಕೆಲಸ ಎಂದು ನಾನು ತಿಳಿದಿದ್ದೆ. ಅದರಲ್ಲಿ ಸ್ವಲ್ಪ ಜಂಬವೂ ಇತ್ತೇನೋ.

ನಿನ್ನೆ ನಿರ್ಮಲ್ ಲಿಂಗಸುಗೂರಿಗೆ ಹೋಗಿದ್ದ. ದಾರ ಹಿಡಿದೇ ವಾಸನೆ ಬಂದ ಕಡೆ ತಿರುಗಿದೆ. ಮಸ್ಕಿ ಕಡೆಯ ರೈತನೊಬ್ಬ ಮೆಟ್ಟಿಲ ಮೇಲೆ ಪಂಪು ಇಳಿಸಿ, ನಾಜಲ್ ಬಿಚ್ಚಿ, ಊದುತ್ತ ಕುಳಿತಿದ್ದ.

"ಊದಬ್ಯಾಡಪಾ!" ಎಂದು ಕೂಗಿದೆ.

"ಏನಾಕ್ಕೈತಿ ಅಕ್ಕಾ? ಇಲ್ಲೇ ಒಬ್ಬಾಂವ ಕುಡದು ಹೊರಳಾಡಿದ್ನಂತ. ಅದು ಬ್ಯಾರೆ, ಇದು ಬ್ಯಾರೆ."

ನಾನು ಎದ್ದೆ. ಊದಿದ, ಜಗ್ಗಿದ ಎಂದು ಶುರು ಮಾಡಲು ಬಾಯಿ ತೆರೆದಿದ್ದೆ. ಶೆಫಾಲಿ ನನಗಿಂತ ಮೊದಲು ಮೆಟ್ಟಿಲಿಗೆ ಬಂದಿದ್ದಳು. ಅವಸರದಲ್ಲಿ ತಲೆಯ ಮೇಲಿನ ಸೆರಗು ಜಾರಿತ್ತು. ಅದನ್ನು ಅವಳು ಮತ್ತೆ ಹೊದ್ದುಕೊಳ್ಳಲಿಲ್ಲ.

"ಆಂವ ನನ್ನ ಗಂಡ" ಎಂದಳು. "ಕುಡದಿಲ್ಲ. ನಿನ್ನಂಗ ಊದ್ಯಾನ."

ಅವನ ಕೈಯಿಂದ ನಾಜಲ್ ಕಸಿದುಕೊಂಡು, ಆ ಕೈಗೆ ಸಾಬೂನಿನ ತುಂಡು ಇಟ್ಟಳು.

"ಮೊದಲ ಕೈ, ಬಾಯಿ ತೊಳಕೋ. ಆಮ್ಯಾಲೆ ಮಾತಾಡು."

ಅವನು ನನ್ನ ಕಡೆ ನೋಡಿದ. ನಾನು ನಳ ಇರುವ ಕಡೆ ಕೈ ತೋರಿಸಿದೆ.