ಸಭಾತ್ಯಾಗದ ಚಹಾ

ನಮ್ಮ ಪಟ್ಟಣ ಪಂಚಾಯಿತಿಯ ಸಭೆ ಬ್ರಿಟಿಷ್ ದೊರೆಯೊಬ್ಬ ಕಟ್ಟಿಸಿದ ಬಂಗಲೆಯಲ್ಲಿ ನಡೆಯುತ್ತದೆ. ಬಂಗಲೆಯನ್ನೂ ಸಭೆಯನ್ನೂ ನಡೆಸುವವನು ತಾನೇ ಎಂಬುದು ಜವಾನ ಕೆರಿಯಣ್ಣನ ಗಟ್ಟಿ ನಂಬಿಕೆ. ಆ ಎತ್ತರದ ಮಾಡಿನ ಕೆಳಗೆ ಒಬ್ಬ ಸದಸ್ಯ ಕೂಗಿದರೆ ಮೂವರು ಕೂಗಿದಂತೆ ಕೇಳುತ್ತದೆ, ಹಾಗಾಗಿ ಎಲ್ಲರಿಗೂ ಕೂಗುವ ಹುಮ್ಮಸ್ಸು. ಯಾರ ಸಿಟ್ಟು ಎಷ್ಟು ಹೊತ್ತಿನದೆಂದು ಕೆರಿಯಣ್ಣನಿಗೆ ಬಾಯಿಪಾಠ. ಬೆಳಿಗ್ಗೆಯೇ ವಿಷಯಪಟ್ಟಿಯ ಮೇಲೆ ಕಣ್ಣಾಡಿಸಿ, "ಇವತ್ತು ನೀರಿನ ವಿಷ್ಯ ಐತೆ, ಏಳು ಜನ ಎದ್ ಹೋಗ್ತಾರೆ" ಎಂದು ಪಡುವಣ ಜಗಲಿಯಲ್ಲಿ ಏಳೇ ಲೋಟ ಜೋಡಿಸುತ್ತಾನೆ. ಧಿಕ್ಕಾರ ಕೂಗುತ್ತ ಸಭಾತ್ಯಾಗ ಮಾಡಿದವರು ನೇರ ಅಲ್ಲಿಗೇ ಬಂದು, ಶುಂಠಿ ಚಹಾ ಕುಡಿದು, ಸೋಂದೆಯ ಮದುವೆಯೂಟದ ಸುದ್ದಿ ಮಾತಾಡಿ, ಹಗುರಾಗಿ ಮನೆಗೆ ಹೋಗುತ್ತಾರೆ. ಹದಿನೆಂಟು ವರ್ಷದಲ್ಲಿ ಒಂದು ಲೋಟವೂ ಹೆಚ್ಚುಕಡಿಮೆಯಾಗಿಲ್ಲ. ಹೋದ ತಿಂಗಳು ಮಾತ್ರ ಎಂಟು ಜನ ಗುಡುಗುತ್ತ ಹೊರಬಂದರೆ ಜಗಲಿ ಖಾಲಿ. "ಎಂತ ಕೆರಿಯಣ್ಣ, ಇವತ್ತು ಚಾ ಇಲ್ವಾ?" ಎಂದರು ಸದಸ್ಯ ವಿಶ್ವೇಶ್ವರ ಭಟ್ಟರು. "ಒಳಗೈತೆ ಸರ್, ಮೇಜಿನ ಮೇಲೆ. ಬಿಸಿ ಇರುವಾಗ್ಲೆ ಬನ್ನಿ." ಎಂಟೂ ಜನ ಗೊಣಗುತ್ತ ಒಳಗೆ ಹೋಗಿ ಕುಳಿತರು. ಬಾಯಲ್ಲಿ ಬಿಸಿ ಚಹಾ ಇದ್ದುದರಿಂದ ಕೂಗಲಾಗದೆ, ಹನ್ನೆರಡನೆಯ ವಿಷಯ ಬಂದಾಗ ಲೋಟವಿಲ್ಲದ ಕೈಯನ್ನು ಎಲ್ಲರೂ ಎತ್ತಿದರು. ಹನ್ನೆರಡನೆಯದು ಕೆರಿಯಣ್ಣನ ಕೇರಿಯ ಮಕ್ಕಳು ಹಳ್ಳ ದಾಟಿ ಶಾಲೆಗೆ ಹೋಗಲು ಬೇಕಾದ ಕಾಲುಸಂಕ. ಒಂಬತ್ತು ವರ್ಷ ಅದರ ಸರದಿ ಬರುವ ಹೊತ್ತಿಗೆ ಕೋರಂ ಇಲ್ಲದೆ ಸಭೆ ಮುಗಿಯುತ್ತಿತ್ತು. ಕೈ ಎತ್ತಬೇಕಾದವರು ಜಗಲಿಯಲ್ಲಿ ಅವನದೇ ಚಹಾ ಹೀರುತ್ತಿದ್ದರು.