ಆದೇಶಕ್ಕಾಗಿ ಮಂಡಿಸಿದೆ

ಸೊರಬದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ಶಿಕಾರಿಪುರದಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬನೇ ಇದ್ದೇನೆ. ಮದುವೆಯಾಗದವನಿಗೆ ಯಾವ ಊರಾದರೇನು? ಜೀವನಕ್ಕೊಂದು ಗುರಿ ಬೇಕು ಎಂದು ವಾಟ್ಸಾಪಿನಲ್ಲಿ ದಿನಾ ಬರುವ ಬೋಧನೆ ಕಂಡರೆ ನನಗೆ ಆಗುವುದಿಲ್ಲ. ಆದರೂ ಒಂದು ದಿನ ಹಾಳೆ ತೆಗೆದು, ಇನ್ನು ಮುಂದೆ ನನಗಾಗಿ ಏನೇನು ಮಾಡಬೇಕೆಂದು ಬರೆದೆ. ಹೊಲಿಗೆ ಕಲಿತು ನನ್ನ ಅಂಗಿಯನ್ನು ನಾನೇ ಹೊಲಿದುಕೊಳ್ಳಬೇಕು ಎಂಬುದು ಮೊದಲನೆಯದು. ಬರೆದು ಮುಗಿಸುವಷ್ಟರಲ್ಲಿ ಕೈ ತಾನಾಗಿಯೇ ಕೆಳಗೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಸೇರಿಸಿ, ಸಾಹೇಬರ ಸಹಿಗೆ ಜಾಗ ಬಿಟ್ಟಿತ್ತು. ಕಚೇರಿಯ ಪ್ರತಿ ಕಡತದಲ್ಲೂ ಹಾಗೇ ಬರೆದು ಪಳಗಿದ ಕೈ. ನನ್ನ ಮೇಲೆ ನನಗೇ ಸಿಟ್ಟು ಬಂತು. ಹಾಳೆಯನ್ನು ಹರಿಯಲಿಲ್ಲ, ಆದರೆ ಆರು ತಿಂಗಳು ಏನೂ ಮಾಡಲೂ ಇಲ್ಲ.

ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ವಯಸ್ಸಾದ ಟೈಲರ್ ಒಬ್ಬರ ಅಂಗಡಿಗೆ ಹೋಗಿ, ಹೊಲಿಗೆ ಕಲಿಸುತ್ತೀರಾ ಎಂದು ಕೇಳಿದೆ. ಅವರು ಮಿಷನ್ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದರು.

“ಕಲಿಸ್ತೀನ್ರೀ, ಅದಕ್ಕೇನು. ಮನೇಲಿ ಹೇಳಿ ಬಂದೀರಲ್ಲ? ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಅಂತ ಆಮೇಲೆ ನನಗೆ ಬೈಬಾರ್ದು ನೋಡ್ರಿ.”

“ಹೇಳಿದೀನ್ರೀ” ಎಂದೆ. ಸುಳ್ಳು.

ಸಂಜೆ ಮನೆಗೆ ಬಂದು ಬೀಗ ತೆಗೆದೆ. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು, “ನಾಳೆಯಿಂದ ಹೊಲಿಗೆ ಕಲಿಯೋಕೆ ಹೋಗ್ತೀನಿ” ಎಂದು ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ ಹೇಳಿದೆ. ಹೇಳಿ, ಸ್ವಲ್ಪ ಹೊತ್ತು ಕಾದೆ.