ದೊಡ್ಡಮ್ಮ ಬಾಯಿಬಿಟ್ಟು ಹೇಳಿದ ಹೆಸರು

ಮೊನ್ನೆ ಓಟು ಕೇಳಿಕೊಂಡು ಬಂದವರು ನನ್ನ ಕೈಗೊಂದು ಚೀಟಿ ಕೊಟ್ಟು ಹೋದರು. ಅಗ್ಗದ ಕಾಗದ, ಬೆರಳಿಗೆ ಹತ್ತುವ ಶಾಯಿ, ನಡುವೆ ಒಂದು ಚಿತ್ರ. "ಅಜ್ಜಿ, ಹೆಸರು ಗಿಸರು ಏನೂ ಹೇಳ್ಬೇಕಾಗಿಲ್ಲ. ಈ ಚಿತ್ರದ ಮುಂದೆ ಮುದ್ರೆ ಒತ್ಬಿಡಿ, ಅಷ್ಟೇ" ಎಂದಳು ಅವರಲ್ಲೊಬ್ಬಳು. ನನಗೆ ಓದೋಕೆ ಬರುತ್ತಮ್ಮ ತಾಯಿ ಎಂದು ಗದರಿಸಿ ಕಳಿಸಿದೆ. ಆಮೇಲೆ ಆ ಚೀಟಿ ಹಿಡಿದು ಜಗಲಿಯ ಮೇಲೆ ಕೂತವಳು ಎದ್ದದ್ದು ಮಧ್ಯಾಹ್ನದ ಊಟಕ್ಕೆ. ಹೆಸರು ಹೇಳಬೇಕಾಗಿಲ್ಲವಂತೆ! ಯಲ್ದೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ಇದ್ದಿದ್ದರೆ ಏನನ್ನುತ್ತಿದ್ದಳೋ...

ಮದುವೆಯಾಗಿ ಯಲ್ದೂರಿಗೆ ಬಂದಾಗ ನನಗೆ ಹದಿನಾರೋ ಹದಿನೇಳೋ. ದೊಡ್ಡಮ್ಮ ನನಗೆ ನೆಂಟಳೇನಲ್ಲ, ಎರಡು ಮನೆಗೂ ಗೋಡೆ ಒಂದೇ, ಅಷ್ಟೇ. ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಅಂದೆ. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಒಂದಿಷ್ಟು ಹೊಲ, ನಾಲ್ಕಾರು ಮಾವಿನ ಮರ. ಕಂದಾಯವನ್ನು ತಾನೇ ಹೋಗಿ ಶಾನುಭೋಗರ ಮುಂದೆ ಇಟ್ಟು ಬರುತ್ತಿದ್ದಳು. ಕಂದಾಯ ಕಟ್ಟಿದವರಿಗೆ ಓಟು ಎನ್ನುವ ಕಾಲ ಅದು. ಹಾಗಾಗಿ ನಮ್ಮ ಬೀದಿಯಲ್ಲಿ ಓಟಿದ್ದ ಹೆಂಗಸು ಅವಳೊಬ್ಬಳೇ.

ಬಾಯಿ ಮಾತ್ರ ಜೋರೋ ಜೋರು. ಪಟೇಲರನ್ನೂ ಬಿಡುತ್ತಿರಲಿಲ್ಲ. ಒಂದೇ ವಿಷಯದಲ್ಲಿ ಆ ಬಾಯಿಗೆ ಬೀಗ: ಗಂಡನ ಹೆಸರು. ಆಗ ನಾವು ಯಾವ ಹೆಂಗಸರೂ ಗಂಡನ ಹೆಸರು ಹೇಳುತ್ತಿರಲಿಲ್ಲ, ನಿಜ. ಆದರೆ ದೊಡ್ಡಮ್ಮನದು ಅತಿ. ಆ ಹೆಸರಿನ ದೇವರಿಗೂ "ಬೆಟ್ಟದ ಸ್ವಾಮಿ" ಎಂದೇ ಕೈಮುಗಿಯುತ್ತಿದ್ದಳು. ಅವಳ ಹೊಲ ಉಳುತ್ತಿದ್ದವನಿಗೂ ಅದೇ ಹೆಸರು, ಅವನನ್ನು "ಲೇ ಇವ್ನೇ" ಎಂದು ಕೂಗುತ್ತಿದ್ದಳು. ಆಯಪ್ಪ ಹೋಗಿ ಇಷ್ಟು ವರ್ಷ ಆಯ್ತಲ್ಲ ದೊಡ್ಡಮ್ಮ, ಇನ್ನೂ ಯಾಕೆ ಅಂತ ಒಂದು ಸಲ ಕೇಳಿಬಿಟ್ಟೆ. "ಆಯಪ್ಪ ಹೋಗಿರ್ಬೋದು ಕಣೇ. ನಾನಿನ್ನೂ ಇದೀನಲ್ಲ" ಎಂದಳು.

ಅವಳಿಗೆ ಒಬ್ಬಳೇ ಮಗಳಿದ್ದಳಂತೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಎರಡು ದಿನ ನೋವು ತಿಂದಳು. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಎತ್ತಿನ ಗಾಡಿಯಲ್ಲಿ ಕೋಲಾರದ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಹೋಗಿಬಿಟ್ಟಳು. ನಾನು ಬಸುರಿಯಾದೆನೆಂದು ತಿಳಿದಾಗ ಬೀದಿಯವರೆಲ್ಲ ನಕ್ಕು ಗೇಲಿ ಮಾಡಿದರು, ದೊಡ್ಡಮ್ಮ ನಗಲಿಲ್ಲ. "ನಿನ್ ಹೊಟ್ಟೆ ನೋಡಿದ್ರೆ ನಂಗೆ ಗಾಡಿ ಸದ್ದು ಕೇಳ್ಸುತ್ತೆ ಕಣೇ" ಎಂದಳು.

ಅದೇ ವರ್ಷ ಡಿಸ್ಟ್ರಿಕ್ಟ್ ಬೋರ್ಡಿನ ಎಲೆಕ್ಷನ್ನು ಬಂತು. ನಮ್ಮ ಕಡೆಯಿಂದ ಇಬ್ಬರು ನಿಂತರು. ಒಬ್ಬರು ಮಾವಿನ ತೋಪುಗಳ ಸಾಹುಕಾರರು, ಇನ್ನೊಬ್ಬರು ಶ್ರೀನಿವಾಸಪುರದ ಒಬ್ಬ ವಕೀಲರು. ಸಾಹುಕಾರರು ರಸ್ತೆಗೆ ಜಲ್ಲಿ ಹಾಕಿಸುತ್ತೇನೆ ಎಂದರು. ಆ ರಸ್ತೆ ಅವರ ತೋಪಿಗೇ ಹೋಗುತ್ತಿತ್ತು ಅನ್ನುವುದು ಬೇರೆ ಮಾತು. ವಕೀಲರು ದೊಡ್ಡಮ್ಮನ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, "ಗೆದ್ರೆ ಈ ಊರಿಗೊಬ್ಬ ಹೆರಿಗೆ ನರ್ಸಮ್ಮನ್ನ ತರಿಸ್ತೀನಿ ತಾಯಿ" ಎಂದರು. ದೊಡ್ಡಮ್ಮನಿಗೆ ಅಷ್ಟು ಸಾಕಾಯಿತು.

ತೊಡಕು ಒಂದೇ. ವಕೀಲರ ಹೆಸರೂ ಅವಳ ಗಂಡನ ಹೆಸರೂ ಒಂದೇ ಆಗಿತ್ತು. ಆಗೆಲ್ಲ ಓದು ಬಾರದವರು ಅಧಿಕಾರಿಯ ಮುಂದೆ ನಿಂತು, ಓಟು ಯಾರಿಗೆ ಎಂದು ಬಾಯಿಬಿಟ್ಟು ಹೇಳಬೇಕು, ಅವರು ಗುರುತು ಹಾಕಿಕೊಳ್ಳುತ್ತಾರೆ. "ಹೋಗ್ಲಿ ಬಿಡಕ್ಕ, ಒಂದು ಓಟಿಂದ ಏನಾಗುತ್ತೆ?" ಎಂದರು ನಮ್ಮತ್ತೆ. "ನಂಗಿರೋದೇ ಒಂದು" ಎಂದಳು ದೊಡ್ಡಮ್ಮ.

ಓಟಿನ ದಿನ ಅತ್ತೆಯನ್ನು ಕಾಡಿ ಬೇಡಿ ನಾನೂ ಅವಳ ಜೊತೆ ಸ್ಕೂಲಿಗೆ ಹೋದೆ. ನಾನು ಕಿಟಕಿಯ ಹೊರಗೆ ನಿಂತೆ, ಅವಳು ಒಳಗೆ ಹೋದಳು. ಯಾರಿಗಮ್ಮ ನಿನ್ನ ಓಟು ಎಂದು ಅಧಿಕಾರಿ ಕೇಳಿದರು.

"ವಕೀಲ್ರಿಗೆ ಸ್ವಾಮಿ."

"ವಕೀಲ್ರು ಅಂದ್ರೆ ಆಗಲ್ಲಮ್ಮ. ಹೆಸರು ಹೇಳು."

"ನಮ್ಮನೆಯೋರ ಹೆಸರೇ ಅವರ್ದೂ ಸ್ವಾಮಿ. ನಿಮ್ ಪಟ್ಟೀಲೇ ಬರ್ದಿರುತ್ತೆ, ನೋಡ್ಕಳಿ."

ಅಧಿಕಾರಿ ಒಳ್ಳೆಯವರು, ನಕ್ಕು ಲೇಖನಿ ಎತ್ತಿದರು. ಅಷ್ಟರಲ್ಲಿ ಸಾಹುಕಾರರ ಕಡೆಯವನು ಎದ್ದು ನಿಂತ. "ಹಂಗೆಲ್ಲ ನಡೆಯಲ್ಲ ಸ್ವಾಮಿ. ಆಯಮ್ಮನ ಬಾಯಲ್ಲೇ ಹೆಸರು ಬರ್ಲಿ. ಇಲ್ದಿದ್ರೆ ಆ ಓಟು ಬಿಡಿ." ನಮ್ಮ ಬೀದಿಯವನೇ ಅವನು. ಚಿಕ್ಕಂದಿನಲ್ಲಿ ದೊಡ್ಡಮ್ಮನ ಕೈತುತ್ತು ತಿಂದವನು. ಅವಳು ಹೇಳಲಾರಳು ಅಂತ ಗೊತ್ತಿದ್ದೇ ಎದ್ದಿದ್ದ. ಅಧಿಕಾರಿ ಲೇಖನಿ ಕೆಳಗಿಟ್ಟರು.

ದೊಡ್ಡಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ತಿರುಗಿ ಬರುತ್ತಾಳೆ ಎಂದೇ ನಾನು ಅಂದುಕೊಂಡೆ. ಬರಲಿಲ್ಲ. ಹೆಸರು ಹೇಳಿದಳು. ಮೊದಲು ಮೆಲ್ಲಗೆ, ಗಂಟಲೊಳಗೇ. "ಕೇಳಿಸ್ಲಿಲ್ಲ" ಎಂದ ಆ ಪಾಪಿ. ದೊಡ್ಡಮ್ಮ ಅವನ ಕಡೆ ತಿರುಗಿದಳು. ಸ್ಕೂಲಿನ ಅಂಗಳದಲ್ಲಿದ್ದವರೆಲ್ಲ ಕತ್ತೆತ್ತಿ ನೋಡುವ ಹಾಗೆ ಕೂಗಿ ಹೇಳಿದಳು. "ಈಗ ಕೇಳಿಸ್ತೇನ್ಲಾ? ಇನ್ನೊಂದ್ಸಲ ಬೇಕಾ?"

ಮನೆಗೆ ಬಂದವಳೇ ಬಾವಿಯಿಂದ ನೀರು ಸೇದಿ ಉಟ್ಟ ಸೀರೆಯಲ್ಲೇ ತಲೆಗೆ ಸುರಿದುಕೊಂಡಳು. ನಾಲ್ಕು ಬಿಂದಿಗೆ, ಐದು ಬಿಂದಿಗೆ. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. "ಇಷ್ಟು ವರ್ಷ ನನ್ನೊಳ್ಗೇ ಇಟ್ಕೊಂಡಿದ್ದೆ ಕಣೇ. ಯಾರ್ಯಾರ ಮುಂದೋ ಕೂಗ್ಬಿಟ್ನಲ್ಲೇ..." ಅವಳನ್ನು ಹಿಡಿದುಕೊಂಡು ನಾನೂ ಅತ್ತೆ.

ಕೆಲವು ದಿನಗಳ ಮೇಲೆ ಕೋಲಾರದಿಂದ ಫಲಿತಾಂಶ ಬಂತು. ಬೆರಳಲ್ಲಿ ಎಣಿಸುವಷ್ಟು ಓಟುಗಳಿಂದ ವಕೀಲರು ಸೋತಿದ್ದರು. ಸಾಹುಕಾರರ ಕಡೆಯವರು ಬೇಕೆಂದೇ ದೊಡ್ಡಮ್ಮನ ಬಾಗಿಲ ಮುಂದೆ ಪಟಾಕಿ ಹಚ್ಚಿದರು. ಅವಳು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು, ಕೊನೆಯ ಪಟಾಕಿ ಸಿಡಿಯುವವರೆಗೂ ನೋಡಿ, ಕಸ ಗುಡಿಸಿ ಒಳಗೆ ಹೋದಳು.

ತವರಲ್ಲಿ ನೋಡಿಕೊಳ್ಳುವವರಿಲ್ಲದೆ, ಎರಡು ತಿಂಗಳಿಗೆ ಯಲ್ದೂರಿನಲ್ಲೇ ನನ್ನ ಹೆರಿಗೆಯಾಯಿತು. ಅದೇ ಸೂಲಗಿತ್ತಿ. ನಾನು ಉಳಿದೆ, ಮಗು ಉಳಿಯಲಿಲ್ಲ. ಗಂಡು ಮಗು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ನಾನಿನ್ನೂ ಹಾಸಿಗೆಯಲ್ಲಿದ್ದಾಗಲೇ ದೊಡ್ಡಮ್ಮ ಸಾಹುಕಾರರ ಮನೆಗೆ ಹೋದಳಂತೆ. ಅಲ್ಲಿ ನಡೆದ ಮಾತನ್ನು ಸಾಹುಕಾರರ ಹೆಂಡತಿಯೇ ಎಷ್ಟೋ ದಿನದ ಮೇಲೆ ನನಗೆ ಹೇಳಿದರು. "ನೀನು ವಕೀಲನಿಗೆ ಹಾಕಿದ್ದು ಊರಿಗೇ ಕೇಳಿಸ್ತಲ್ಲಮ್ಮ, ನನ್ನ ಹತ್ರ ಯಾಕ್ ಬಂದೆ?" ಎಂದರಂತೆ ಸಾಹುಕಾರರು.

"ಕೇಳಿಸ್ತಲ್ಲ? ಹಂಗಾದ್ರೆ ನಾನು ಒಳಗೊಂದು ಹೊರಗೊಂದು ಇಟ್ಕೊಳ್ಳೋಳಲ್ಲ ಅಂತ ನಿಮಗೂ ಗೊತ್ತಾಯ್ತು. ಈಗ ಹೇಳೋದು ಕೇಳಿ. ನರ್ಸಮ್ಮ ಬರೋವರ್ಗೂ ವಾರ ವಾರ ಬಂದು ಈ ಜಗಲಿ ಮೇಲೆ ಕೂರ್ತೀನಿ."

ಕೂತಳು. ಪ್ರತಿ ವಾರ, ಹೊಲದಲ್ಲಿ ರಾಗಿ ಕೊಯ್ಲು ಇದ್ದಾಗಲೂ ಬಿಡಲಿಲ್ಲ. ಸಾಹುಕಾರರು ಮನೆಯಲ್ಲಿಲ್ಲ ಎಂದು ಹೇಳಿಸಿದರೆ, ಬರಲಿ ಕಾಯ್ತೀನಿ ಎಂದು ಕುಡಿಯಲು ನೀರು ಕೇಳುತ್ತಿದ್ದಳು. ಅವರು ಹಿತ್ತಿಲ ಬಾಗಿಲಿನಿಂದ ಹೋದರೆ ಮುಂದಿನ ವಾರ ಹಿತ್ತಿಲಲ್ಲೇ ಕೂತಳು. ನಮ್ಮತ್ತೆ ಮಾನ ಹೋಗುತ್ತೆ ಬಿಡಕ್ಕ ಎಂದರೆ, "ಹೋಗೋದೆಲ್ಲ ಆವತ್ತೇ ಹೋಯ್ತು" ಎನ್ನುತ್ತಿದ್ದಳು. ವರ್ಷದ ಮೇಲಾಯಿತು. ಕೊನೆಗೆ ಸಾಹುಕಾರರೇ ಕೋಲಾರಕ್ಕೆ ಓಡಾಡಿ ಬೋರ್ಡಿನಲ್ಲಿ ಹೇಳಿ ಮಂಜೂರು ಮಾಡಿಸಿದರು.

ನರ್ಸಮ್ಮ ಒಂದು ಕಬ್ಬಿಣದ ಟ್ರಂಕು ಹಿಡಿದು ಬಂದಿಳಿದಳು. ಇರಲು ಮನೆಯಿಲ್ಲ ಎಂದಾಗ ದೊಡ್ಡಮ್ಮ ತನ್ನ ಮಗಳ ಕೋಣೆಯನ್ನು ಬಿಟ್ಟುಕೊಟ್ಟಳು. ನನ್ನ ಮಗಳು ಹುಟ್ಟಿದ್ದು ಆ ನರ್ಸಮ್ಮನ ಕೈಯಲ್ಲೇ. ಎತ್ತಿಕೊಂಡ ದೊಡ್ಡಮ್ಮ "ಗಾಡಿ ಹತ್ತದೇನೇ ಬಂದ್ಬಿಟ್ಯೇನೇ ಬಂಗಾರೀ" ಎಂದು ಕುಣಿದಾಡಿದಳು. ಆ ಮೇಲೆ ಎಷ್ಟು ಮಕ್ಕಳು ಹುಟ್ಟಿದವೋ ನಮ್ಮೂರಲ್ಲಿ... ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಜ್ವರದಲ್ಲಿ ಹೋದಳು.

ಈಗ ಆ ನನ್ನ ಮಗಳಿಗೇ ಮೊಮ್ಮಗಳು ಹುಟ್ಟಿದ್ದಾಳೆ. ನಿನ್ನೆ ಎಲ್ಲರೂ ಕೂತು ಹೆಸರಿನ ಚರ್ಚೆ ಮಾಡುತ್ತಿದ್ದಾಗ ನಾನು ಕಟ್ಟುನಿಟ್ಟಾಗಿ ಹೇಳಿದೆ, ದೊಡ್ಡಮ್ಮನ ಹೆಸರಿಡಿ, ಬೇರೆ ಮಾತೇ ಬೇಡ. ಮಗಳು ಖುಷಿಯಾಗಿ, "ಇಡೋಣಮ್ಮ. ಅವರ ಹೆಸರೇನು?" ಎಂದಳು.

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತದ್ದಲ್ಲ, ನನಗೆ ಗೊತ್ತೇ ಇರಲಿಲ್ಲ. ಆವತ್ತು ಸ್ಕೂಲಿನಲ್ಲಿ ಪಟ್ಟಿ ನೋಡಿ ಅವಳ ಹೆಸರನ್ನು ಓದಿಯೇ ಒಳಗೆ ಕರೆದಿರಬೇಕು. ನಾನು ಕಿಟಕಿಯ ಹತ್ತಿರವೇ ಇದ್ದೆ. ಆದರೆ ನಾವೆಲ್ಲರೂ ಕಿವಿಗೊಟ್ಟು ನಿಂತಿದ್ದದ್ದು ಅವಳ ಗಂಡನ ಹೆಸರಿಗೆ.

ಇವತ್ತು ಬೆಳಿಗ್ಗೆ ಕಿರಿಯ ಮಗನನ್ನು ಕರೆದುಕೊಂಡು, ನಾವು ಬಿಟ್ಟುಬಂದು ಎಷ್ಟೋ ವರ್ಷವಾದ ಯಲ್ದೂರಿಗೆ ಹೋಗಿದ್ದೆ. ಆ ಕಾಲದವರು ಮೂವರು ಉಳಿದಿದ್ದಾರೆ. ಮೂವರನ್ನೂ ಕೇಳಿದೆ. ಮೂವರೂ ನನ್ನ ಮುಖವನ್ನೇ ನೋಡಿ, "ದೊಡ್ಡಮ್ಮ ಅಂತಿದ್ವಲ್ಲ?" ಎಂದರು.